ಮಳೆ ಬಂದರೆ ಸ್ಟವ್ ಟೆಂಟ್ ಒಳಗೆ ತರಬಹುದೇ? ದ್ವೀಪಗಳ ಸೈಕಲ್ ಪ್ರವಾಸದ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

“ಸೈಕಲ್ ಟೂರ್, ಕ್ಯಾಂಪಿಂಗ್ ಹೋಗುವವರು ತಪ್ಪದೇ ಓದಿ. ನಿಮ್ಮವರ ಜೀವ ಉಳಿಸಿ. ಕನಿಷ್ಠ ಹತ್ತು ಜನರಿಗೆ ಕಳಿಸಿ.”

ಹೀಗೆ ಶುರುವಾಗುವ ಸಂದೇಶವೊಂದು ಏಪ್ರಿಲ್‌ನಲ್ಲಿ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂತು. ಕಳಿಸಿದವರು ದಾವಣಗೆರೆಯ ಚಿಕ್ಕಪ್ಪ. ಕಾರಣವೂ ಇತ್ತು. ಗ್ಲಾಸ್ಗೋದಲ್ಲಿ ಕೆಲಸ ಮಾಡುವ ನಮ್ಮ ದೊಡ್ಡಪ್ಪನ ಮಗ ಏಳು ಜನ ಸ್ನೇಹಿತರ ಜೊತೆ ಸ್ಕಾಟ್‌ಲ್ಯಾಂಡಿನ ಪಶ್ಚಿಮದ ದ್ವೀಪಗಳಲ್ಲಿ ಸೈಕಲ್ ತುಳಿಯಲು ಹೊರಟಿದ್ದ. ಹಗಲು ಸೈಕಲ್, ನಡುವೆ ಹಡಗು, ರಾತ್ರಿ ಟೆಂಟ್. ಮನೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ: ಚಳಿ, ಸಮುದ್ರ, ಊಟ.

ಆ ಸಂದೇಶದಲ್ಲಿದ್ದ ಸಲಹೆಗಳು ಹೀಗಿದ್ದವು. ಹಡಗಿನಲ್ಲಿ ವಾಂತಿ ಆಗಬಾರದು ಅಂದರೆ ಖಾಲಿ ಹೊಟ್ಟೆಯಲ್ಲಿ ಹತ್ತಿ. ಚಳಿಗೆ ಎರಡು ಮುಚ್ಚಳ ಬ್ರಾಂಡಿ ಕುಡಿಯಿರಿ, ಒಳಗಿಂದ ಶಾಖ ಹುಟ್ಟುತ್ತದೆ. ಉಣುಗು ಕಚ್ಚಿದರೆ ಬೆಂಕಿಕಡ್ಡಿಯಿಂದ ಸುಡಿ, ತಾನಾಗಿ ಬಿಡುತ್ತದೆ. ಜೋರು ಮಳೆ ಇದ್ದರೆ ಸ್ಟವ್ ಟೆಂಟ್ ಒಳಗೆ ತಂದು ಅಡುಗೆ ಮಾಡಿ, ಟೆಂಟೂ ಬೆಚ್ಚಗಾಗುತ್ತದೆ; ಜಿಪ್ ನಾಲ್ಕು ಬೆರಳು ತೆರೆದಿಟ್ಟರೆ ಸಾಕು, ಉರಿ ನೀಲಿಯಾಗಿದ್ದರೆ ವಿಷಗಾಳಿ ಬರುವುದಿಲ್ಲ. ಯಾರಿಗಾದರೂ ತಲೆನೋವು ಬಂದರೆ ಆಕ್ಸಿಮೀಟರ್ ಹಾಕಿ ನೋಡಿ, 95ಕ್ಕಿಂತ ಮೇಲಿದ್ದರೆ ಚಿಂತೆ ಬೇಡ, ಮಲಗಿಸಿ.

ಗ್ರೂಪಿನಲ್ಲಿ ಹನ್ನೊಂದು ಕೈಮುಗಿದ ಇಮೋಜಿ ಬಂದವು. ನಾನು ಇಂಥ ಸಂದೇಶಗಳನ್ನು ಪರಿಶೀಲಿಸುವ ಕೆಲಸದಲ್ಲಿರುವುದರಿಂದ ಚಿಕ್ಕಪ್ಪ ಫೋನ್ ಮಾಡಿ, “ನೋಡಮ್ಮ, ಇದರಲ್ಲಿ ತಪ್ಪೇನಾದರೂ ಇದ್ದರೆ ಹೇಳು” ಅಂದರು. ಇದೆ. ಕೆಲವು ಸಣ್ಣ ತಪ್ಪು, ಒಂದೆರಡು ಜೀವ ತೆಗೆಯುವಷ್ಟು ದೊಡ್ಡ ತಪ್ಪು.

ಮೊದಲು ದಾರಿ ಎಂಥದ್ದು ಎಂದು ತಿಳಿದುಕೊಳ್ಳೋಣ

ಸ್ಕಾಟ್‌ಲ್ಯಾಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ, ಔಟರ್ ಹೆಬ್ರಿಡೀಸ್ ಎಂಬ ದ್ವೀಪಗಳ ಸಾಲಿದೆ. ದಕ್ಷಿಣದ ವ್ಯಾಟರ್ಸೇ ದ್ವೀಪದಿಂದ ಉತ್ತರದ ತುದಿಯ ಬಟ್ ಆಫ್ ಲೂಯಿಸ್ ದೀಪಸ್ತಂಭದವರೆಗೆ ‘ಹೆಬ್ರಿಡಿಯನ್ ವೇ’ ಎಂಬ ಸೈಕಲ್ ಮಾರ್ಗವನ್ನು 2016ರಲ್ಲಿ ಗುರುತಿಸಲಾಯಿತು. ಉದ್ದ 297 ಕಿಲೋಮೀಟರ್. ಹತ್ತು ದ್ವೀಪಗಳು, ಅವುಗಳಲ್ಲಿ ಹಲವನ್ನು ಜೋಡಿಸುವ ಆರು ಕಾಸ್‌ವೇಗಳು, ಅಂದರೆ ಸಮುದ್ರದ ಮೇಲೆ ಕಲ್ಲು ಮಣ್ಣು ತುಂಬಿ ಮಾಡಿದ ರಸ್ತೆಗಳು. ಉಳಿದ ಎರಡು ಕಡೆ ಹಡಗೇ ಗತಿ. ಬಾರಾ ದ್ವೀಪದಿಂದ ಎರಿಸ್ಕೇಗೆ ಸುಮಾರು 40 ನಿಮಿಷ, ಬರ್ನರೇಯಿಂದ ಹ್ಯಾರಿಸ್‌ನ ಲೆವರ್‌ಬರ್ಗ್‌ಗೆ ಸುಮಾರು ಒಂದು ಗಂಟೆ. ಈ ಎರಡನೆಯ ಹಡಗು ನೇರವಾಗಿ ಹೋಗುವುದಿಲ್ಲ. ನೀರೊಳಗಿನ ಬಂಡೆಗಳನ್ನು ತಪ್ಪಿಸುತ್ತಾ ಹಾವಿನಂತೆ ಸುತ್ತಿಕೊಂಡು ಹೋಗುತ್ತದೆ.

ಇವೆರಡರ ಜೊತೆಗೆ ಮುಖ್ಯಭೂಮಿಯಿಂದ ಹೋಗಿ ಬರುವ ಹಡಗುಗಳೂ ಇವೆ. ಓಬನ್ ಪಟ್ಟಣದಿಂದ ಬಾರಾದ ಕ್ಯಾಸಲ್‌ಬೇಗೆ ಐದು ಗಂಟೆಗೆ ಸ್ವಲ್ಪ ಕಡಿಮೆ. ವಾಪಸು ಸ್ಟಾರ್ನೊವೇಯಿಂದ ಅಲ್ಲಾಪೂಲ್‌ಗೆ ಎರಡೂವರೆ ಗಂಟೆಗೂ ಹೆಚ್ಚು. ಈ ಹಡಗುಗಳಲ್ಲಿ ಸೈಕಲ್‌ಗೆ ಬೇರೆ ಟಿಕೆಟ್ ಇಲ್ಲ. ಕಾರುಗಳು ನಿಲ್ಲುವ ಕೆಳಗಿನ ಅಂತಸ್ತಿನಲ್ಲಿ ಸೈಕಲ್ ಒರಗಿಸಿ, ಹಗ್ಗ ಕಟ್ಟಿ, ಮೇಲೆ ಹೋಗಿ ಕೂರಬೇಕು. ಅಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ಅದಕ್ಕೇ ಬಹುತೇಕ ಎಲ್ಲರೂ ದಕ್ಷಿಣದಿಂದ ಉತ್ತರಕ್ಕೆ ತುಳಿಯುತ್ತಾರೆ. ಗಾಳಿ ಬೆನ್ನಿಗಿರಲಿ ಅಂತ. ಬಾರಾದಲ್ಲಿ ವಿಮಾನಗಳು ಸಮುದ್ರತೀರದ ಮರಳಿನ ಮೇಲೆಯೇ ಇಳಿಯುತ್ತವೆ, ಭರತ ಬಂದಾಗ ರನ್‌ವೇ ನೀರಿನಡಿ ಹೋಗುತ್ತದೆ. ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲ, ಆದರೆ ಹೇಳದೇ ಇರಲು ಮನಸ್ಸಾಗಲಿಲ್ಲ.

ಟೆಂಟ್ ಹಾಕಲು ಕಾನೂನು ಅನುಕೂಲವಾಗಿದೆ. ಸ್ಕಾಟ್‌ಲ್ಯಾಂಡಿನ 2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ, ಬೇಲಿ ಹಾಕಿದ ಬೆಳೆ, ಮನೆಯಂಗಳ ಬಿಟ್ಟು ತೆರೆದ ಜಾಗದಲ್ಲಿ ಜವಾಬ್ದಾರಿಯಿಂದ ತಂಗಬಹುದು. ಸಣ್ಣ ಗುಂಪು, ಒಂದು ಕಡೆ ಎರಡು ಮೂರು ರಾತ್ರಿಗಿಂತ ಹೆಚ್ಚಿಲ್ಲ ಎಂಬುದು ಅಲ್ಲಿನ ನಡವಳಿಕೆ. ಎಂಟು ಜನ ನಾಲ್ಕು ಟೆಂಟ್ ಎಂದರೆ ಸಣ್ಣ ಗುಂಪು ಅನ್ನುವುದು ಕಷ್ಟ. ಅಂಥವರು ಕ್ಯಾಂಪಿಂಗ್ ಸೈಟ್‌ಗಳಲ್ಲಿ ತಂಗುವುದೇ ಸರಿ. ಅಲ್ಲಿ ಸ್ನಾನ, ಶೌಚಾಲಯ, ಕೆಲವು ಕಡೆ ಅಡುಗೆಗೆ ಮಾಡು ಇರುವ ಜಾಗವೂ ಸಿಗುತ್ತದೆ. ಈ ಕೊನೆಯ ಅಂಶ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹವಾಮಾನದ ಬಗ್ಗೆ ಒಂದು ಮಾತು. ಸ್ಟಾರ್ನೊವೇಯಲ್ಲಿ ಮೇ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 12 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮಳೆ ಯಾವಾಗ ಬೇಕಾದರೂ ಬರಬಹುದು. ಮರಗಳು ಕಡಿಮೆ, ಹಾಗಾಗಿ ಗಾಳಿಗೆ ಮರೆ ಇಲ್ಲ. ಫಾರ್ವರ್ಡ್‌ನ ಸಲಹೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಸಣ್ಣ ತಪ್ಪುಗಳು ಮೊದಲು

ಖಾಲಿ ಹೊಟ್ಟೆಯಲ್ಲಿ ಹಡಗು ಹತ್ತಿದರೆ ವಾಂತಿ ಬರುವುದಿಲ್ಲವೇ? ಸುಳ್ಳು. ಕಡಲ ಕಾಯಿಲೆಯ ಮೂಲ ಹೊಟ್ಟೆಯಲ್ಲಿಲ್ಲ, ಕಿವಿ ಮತ್ತು ಕಣ್ಣಿನ ಜಗಳದಲ್ಲಿದೆ. ಒಳಕಿವಿಯ ಸಮತೋಲನದ ಅಂಗ ‘ನಾವು ತೂಗಾಡುತ್ತಿದ್ದೇವೆ’ ಎನ್ನುತ್ತದೆ. ಹಡಗಿನ ಒಳಗೆ ಕೂತು ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ, ಎಲ್ಲ ಸ್ಥಿರವಾಗಿದೆ’ ಎನ್ನುತ್ತದೆ. ಈ ಗೊಂದಲವೇ ಓಕರಿಕೆ ತರುತ್ತದೆ. ಹಡಗಿನ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಿದರೆ ಇದು ಕಡಿಮೆಯಾಗುತ್ತದೆ. ಲಘುವಾಗಿ ತಿಂದು ಹತ್ತುವುದು ಖಾಲಿ ಹೊಟ್ಟೆಗಿಂತ ಒಳ್ಳೆಯದು. ಮಾತ್ರೆ ತೆಗೆದುಕೊಳ್ಳುವುದಿದ್ದರೆ ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಆದರೆ ಅವುಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಇಳಿದ ಕೂಡಲೇ ಸೈಕಲ್ ಹತ್ತುವವರು ಯಾವುದು ಸೂಕ್ತ ಎಂದು ವೈದ್ಯರನ್ನು ಕೇಳುವುದು ಒಳಿತು.

ಇನ್ನೊಂದು ಸಂಗತಿ: ಹಡಗಿನಿಂದ ಇಳಿದ ಮೇಲೂ ಕೆಲವರಿಗೆ ಕೆಲವು ಗಂಟೆ ನೆಲ ತೂಗಿದಂತೆ ಅನ್ನಿಸುತ್ತದೆ. ಇದು ಸಹಜ. ಆದರೆ ಇದೇ ಸಹಜ ಸಂಗತಿ ಮುಂದೆ ನಮ್ಮನ್ನು ದಾರಿ ತಪ್ಪಿಸಬಹುದು.

ಬ್ರಾಂಡಿ? ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿ ರಕ್ತ ಹೊರಗಿನ ಪದರಕ್ಕೆ ಬರುತ್ತದೆ. ಕೆನ್ನೆ ಬೆಚ್ಚಗಾಗುತ್ತದೆ, ಆದರೆ ದೇಹದ ಒಳಗಿನ ಶಾಖ ಚರ್ಮದ ಮೂಲಕ ಬೇಗ ಸೋರಿಹೋಗುತ್ತದೆ. ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ, ಅಂದರೆ ಅಪಾಯಕಾರಿ ಶೀತಸ್ಥಿತಿ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. 10 ಡಿಗ್ರಿ ಚಳಿ, ನೆಂದ ಹತ್ತಿ ಬಟ್ಟೆ, ಜೋರು ಗಾಳಿ ಸಾಕು. ಎರಿಸ್ಕೇ ದ್ವೀಪದ ಬಳಿ 1941ರಲ್ಲಿ ಎಸ್‌ಎಸ್ ಪೊಲಿಟಿಷಿಯನ್ ಎಂಬ ಹಡಗು ಎರಡು ಲಕ್ಷಕ್ಕೂ ಹೆಚ್ಚು ವಿಸ್ಕಿ ಬಾಟಲಿಗಳೊಂದಿಗೆ ಬಂಡೆಗೆ ಸಿಕ್ಕಿಬಿದ್ದಿತ್ತು. ದ್ವೀಪದ ಜನ ಎಷ್ಟೋ ಬಾಟಲಿ ಹೊತ್ತು ತಂದರು. ಖುಷಿಪಟ್ಟರು, ಸರಿ. ಚಳಿ ಓಡಿಸಿದ್ದು ಮಾತ್ರ ವಿಸ್ಕಿಯಲ್ಲ, ಉಣ್ಣೆಯ ಬಟ್ಟೆ.

ಉಣುಗನ್ನು ಸುಡುವ ವಿಚಾರ ಶಿವಮೊಗ್ಗ, ಉತ್ತರ ಕನ್ನಡದ ಓದುಗರಿಗೆ ಹೆಚ್ಚು ಹೇಳಬೇಕಿಲ್ಲ. ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಸ್ಕಾಟ್‌ಲ್ಯಾಂಡಿನ ಉಣುಗುಗಳು ಲೈಮ್ ಎಂಬ ಬೇರೆ ಕಾಯಿಲೆ ಹರಡುತ್ತವೆ. ಸುಟ್ಟರೆ, ಎಣ್ಣೆ ಹಚ್ಚಿದರೆ ಅದು ತನ್ನ ಹೊಟ್ಟೆಯಲ್ಲಿರುವುದನ್ನು ನಮ್ಮ ರಕ್ತಕ್ಕೆ ಕಕ್ಕುವ ಸಾಧ್ಯತೆ ಹೆಚ್ಚು. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ಹಿಸುಕದೆ, ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ಮುಂದಿನ ಕೆಲವು ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಉಂಗುರದಂತೆ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರ ಬಳಿ ಹೋಗಬೇಕು.

ಈಗ ಸ್ಟವ್ ವಿಷಯ

ಫಾರ್ವರ್ಡ್ ಬಂದ ರಾತ್ರಿ ಅಣ್ಣನಿಗೆ ಕರೆ ಮಾಡಿ, “ಉಳಿದದ್ದು ಹೇಗಾದರೂ ಇರಲಿ, ಸ್ಟವ್ ಮಾತ್ರ ಟೆಂಟ್ ಒಳಗೆ ತರಬೇಡ” ಅಂದೆ. ಅವನು ನಕ್ಕ. “ಹಿಂದಿನ ಸೆಪ್ಟೆಂಬರ್‌ನಲ್ಲಿ ಆರನ್‌ಗೆ ಹೋಗಿದ್ವಲ್ಲ, ಅಲ್ಲಿ ಒಳಗೇ ಮಾಡಿದ್ದು ಕಣೇ. ಏನೂ ಆಗಲಿಲ್ಲ.”

ಆರನ್ ಗ್ಲಾಸ್ಗೋಗೆ ಹತ್ತಿರದ ದ್ವೀಪ. ಆರ್ಡ್‌ರಾಸನ್ ಬಂದರಿನಿಂದ ಹಡಗಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಸುತ್ತಲಿನ ರಸ್ತೆ ಸುಮಾರು 90 ಕಿಲೋಮೀಟರ್. ವಾರಾಂತ್ಯದ ಸೈಕಲ್ ಸವಾರರಿಗೆ ಹೇಳಿ ಮಾಡಿಸಿದ ಜಾಗ. ಇವರೂ ಅಭ್ಯಾಸಕ್ಕೆಂದು ಐದು ಜನ ಹೋಗಿದ್ದರು. ಸಂಜೆ ಜೋರು ಮಳೆ. ನಾಲ್ಕು ಜನರ ದೊಡ್ಡ ಟೆಂಟ್ ಒಂದರಲ್ಲಿ ಐವರೂ ಸೇರಿಕೊಂಡು, ಗ್ಯಾಸ್ ಸ್ಟವ್ ಮೇಲೆ ನೂಡಲ್ಸ್, ಆಮೇಲೆ ಚಹಾ, ಆಮೇಲೆ ಮತ್ತೊಂದು ಪಾತ್ರೆ ನೀರು ಕಾಯಿಸಿದ್ದರು. ಸ್ವಲ್ಪ ಹೊತ್ತು ಬೆಚ್ಚಗಿರಲಿ ಅಂತ ಉರಿ ಸಣ್ಣದು ಮಾಡಿ ಹಾಗೇ ಬಿಟ್ಟಿದ್ದರು.

“ಯಾರಿಗೂ ಏನೂ ಆಗಲಿಲ್ಲವಾ?” ಅಂತ ಮತ್ತೆ ಕೇಳಿದೆ. ಅವನು ಯೋಚಿಸಿ ಹೇಳಿದ. ಇಬ್ಬರಿಗೆ ತಲೆ ಸಿಡಿಯುತ್ತಿತ್ತು. ಒಬ್ಬ ಹೊರಗೆ ಹೋಗಿ ವಾಂತಿ ಮಾಡಿದ. “ಬೆಳಿಗ್ಗೆ ಹಡಗು ಕುಲುಕಿತ್ತಲ್ಲ, ಅದರದ್ದೇ ಅಂದ್ಕೊಂಡ್ವಿ. ಮೇಲೆ 60 ಕಿಲೋಮೀಟರ್ ತುಳಿದ ಸುಸ್ತು ಬೇರೆ.” ವಾಂತಿ ಮಾಡಲು ಹೋದವನು ಬಾಗಿಲ ಜಿಪ್ ಪೂರ್ತಿ ತೆರೆದೇ ಹೋಗಿದ್ದ. ಮಳೆಯ ಎರಚಲು ಒಳಗೆ ಬಂದು ಎಲ್ಲರೂ ಅವನಿಗೆ ಬೈದಿದ್ದರು.

ಅಂದು ಯಾರ ರಕ್ತವನ್ನೂ ಪರೀಕ್ಷಿಸಿಲ್ಲ, ಹಾಗಾಗಿ ಅದು ವಿಷಗಾಳಿಯದ್ದೇ ಎಂದು ನಾನು ಹೇಳಲಾರೆ. ಆದರೆ ಹಡಗಿನಿಂದ ಇಳಿದು ಹಗಲಿಡೀ ಚೆನ್ನಾಗಿ ಸೈಕಲ್ ತುಳಿದವನಿಗೆ ಅದೇ ಹಡಗಿನ ಕಾರಣಕ್ಕೆ ರಾತ್ರಿ ಟೆಂಟ್ ಒಳಗೆ ವಾಂತಿ ಬರುವುದು ಅನುಮಾನ ಪಡಬೇಕಾದ ಸಂಗತಿ. ಕಾರ್ಬನ್ ಮಾನಾಕ್ಸೈಡ್ ವಿಷದ ಮೊದಲ ಲಕ್ಷಣಗಳ ಪಟ್ಟಿ ನೋಡಿ: ತಲೆನೋವು, ತಲೆಸುತ್ತು, ಓಕರಿಕೆ, ವಾಂತಿ, ಸುಸ್ತು, ಮಂಪರು. ಈಗ ದಿನವಿಡೀ ಸೈಕಲ್ ತುಳಿದು, ಹಡಗಿನಲ್ಲಿ ತೂಗಾಡಿ, ಮಳೆಯಲ್ಲಿ ನೆಂದು ಬಂದವರ ಪಟ್ಟಿ ಮಾಡಿ. ಎರಡೂ ಒಂದೇ. ದ್ವೀಪಗಳ ಸೈಕಲ್ ಪ್ರವಾಸದಲ್ಲಿ ಈ ಅಪಾಯ ಹೆಚ್ಚು ಕಪಟಿಯಾಗುವುದು ಇದೇ ಕಾರಣಕ್ಕೆ. ವಿಷ ಏರುತ್ತಿದ್ದರೂ ನಮ್ಮ ಬಳಿ ಅದಕ್ಕೊಂದು ಸಿದ್ಧ ಉತ್ತರ ಇರುತ್ತದೆ. ‘ಹಡಗಿನದ್ದು, ಮಲಗಿದರೆ ಸರಿಹೋಗುತ್ತೆ.’ ಮಲಗುವುದೇ ಆಗ ಮಾಡಬಾರದ ಕೆಲಸ.

ಗುಂಪು ಇದ್ದರೆ ಸುರಕ್ಷಿತ ಎಂದುಕೊಳ್ಳುತ್ತೇವೆ. ಇಲ್ಲಿ ಅದು ತಿರುವುಮುರುವು. ಗುಂಪಿದ್ದರೆ ಎಲ್ಲರೂ ಒಂದೇ ಟೆಂಟಿಗೆ ನುಗ್ಗುತ್ತಾರೆ, ಹೆಚ್ಚು ನೀರು ಕಾಯಬೇಕು, ಸ್ಟವ್ ಹೆಚ್ಚು ಹೊತ್ತು ಉರಿಯುತ್ತದೆ. ಒಬ್ಬರ ತಲೆನೋವನ್ನು ಇನ್ನೊಬ್ಬರು ಗಮನಿಸಬೇಕಾದ ಹೊತ್ತಿಗೆ ಎಲ್ಲರ ತಲೆಯೂ ಮಂಕಾಗಿರುತ್ತದೆ.

ಈ ಅನಿಲ ದೇಹದಲ್ಲಿ ಮಾಡುವುದೇನು?

ನಮ್ಮ ರಕ್ತದ ಹಿಮೋಗ್ಲೋಬಿನ್ ಕೆಲಸ ಆಮ್ಲಜನಕವನ್ನು ಹೊತ್ತೊಯ್ಯುವುದು. ಬಸ್ಸಿನ ಸೀಟು ಎಂದುಕೊಳ್ಳಿ. ಕಾರ್ಬನ್ ಮಾನಾಕ್ಸೈಡ್ ಆ ಸೀಟನ್ನು ಆಮ್ಲಜನಕಕ್ಕಿಂತ ಇನ್ನೂರು ಇನ್ನೂರೈವತ್ತು ಪಟ್ಟು ಗಟ್ಟಿಯಾಗಿ ಹಿಡಿದು ಕೂರುತ್ತದೆ, ಏಳುವುದಿಲ್ಲ. ಉಳಿದ ಸೀಟುಗಳಲ್ಲಿರುವ ಆಮ್ಲಜನಕವೂ ತನ್ನ ನಿಲ್ದಾಣದಲ್ಲಿ ಸುಲಭವಾಗಿ ಇಳಿಯದಂತೆ ಮಾಡುತ್ತದೆ. ಮಿದುಳು, ಹೃದಯ ಮೊದಲು ಬಳಲುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಕಣ್ಣುರಿಯೂ ಇಲ್ಲ. ಮೂಗಿಗೆ ಬಡಿಯುವ ಗ್ಯಾಸ್ ವಾಸನೆ ಬೇರೆ. ಅದು ಉರಿಯದ ಅಡುಗೆ ಅನಿಲ ಸೋರಿದರೆ ಗೊತ್ತಾಗಲಿ ಎಂದು ಸೇರಿಸಿದ ವಾಸನೆ.

ಎಷ್ಟು ಬೇಕು? ಗಾಳಿಯ ಸಾವಿರದಲ್ಲಿ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಇದ್ದು, ಅದನ್ನು ಗಂಟೆಗಟ್ಟಲೆ ಉಸಿರಾಡಿದರೆ ಹಿಮೋಗ್ಲೋಬಿನ್‌ನ ಅರ್ಧದಷ್ಟು ಅದರ ವಶವಾಗುತ್ತದೆ. ಅದು ಸಾವಿನ ಅಂಚು. ಇಬ್ಬರು ಮಲಗುವ ಪುಟ್ಟ ಟೆಂಟ್ ಒಳಗೆ ಸುಮಾರು 2000 ಲೀಟರ್ ಗಾಳಿ ಇದೆ ಎಂದುಕೊಂಡರೆ, ಸಾವಿರಕ್ಕೆ ಒಂದು ಅಂದರೆ ಬರೀ ಎರಡು ಲೀಟರ್. ದೊಡ್ಡ ನೀರಿನ ಬಾಟಲಿಯಷ್ಟು.

ಇದನ್ನು ಮೊದಲು ಸರಿಯಾಗಿ ಅಳೆದವರಲ್ಲಿ ಒಬ್ಬರು ಸ್ಕಾಟ್‌ಲ್ಯಾಂಡಿನ ಎಡಿನ್‌ಬರೋದಲ್ಲೇ ಹುಟ್ಟಿದ ಜಾನ್ ಸ್ಕಾಟ್ ಹಾಲ್ಡೇನ್. 1890ರ ದಶಕದಲ್ಲಿ ಅವರು ಸ್ವತಃ ಈ ಅನಿಲ ಉಸಿರಾಡಿ, ತಮ್ಮ ರಕ್ತವನ್ನೇ ಪರೀಕ್ಷಿಸಿ ಬರೆದಿಟ್ಟರು. ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಒಯ್ಯುವ ಪದ್ಧತಿ ಅವರ ಸಲಹೆಯಿಂದಲೇ ಬಂದದ್ದು; ಹಕ್ಕಿ ನಮಗಿಂತ ಬೇಗ ಬಳಲಿ ಬೀಳುತ್ತದೆ, ಕಾರ್ಮಿಕರಿಗೆ ಓಡಲು ಸಮಯ ಸಿಗುತ್ತದೆ. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ.

ಅನುಭವಸ್ಥರಿಗೆ ಇದೆಲ್ಲ ಗೊತ್ತಾಗುತ್ತದೆ, ಹೊಸಬರಿಗಷ್ಟೇ ಅಪಾಯ ಎಂದು ವಾದಿಸುವವರಿಗೆ ರಿಚರ್ಡ್ ಬರ್ಡ್ ನೆನಪಿಗೆ ಬರಲಿ. ಅಮೆರಿಕದ ನೌಕಾಪಡೆಯ ಈ ಪ್ರಸಿದ್ಧ ಅನ್ವೇಷಕ 1934ರಲ್ಲಿ ಅಂಟಾರ್ಕ್ಟಿಕಾದ ಹವಾಮಾನ ಕೇಂದ್ರವೊಂದರಲ್ಲಿ ಒಬ್ಬರೇ ಚಳಿಗಾಲ ಕಳೆಯಲು ಹೋಗಿ, ಸ್ಟವ್ ಮತ್ತು ಜನರೇಟರ್‌ನ ಹೊಗೆಯಿಂದ ಈ ವಿಷಕ್ಕೆ ತುತ್ತಾದರು. ರೇಡಿಯೊದಲ್ಲಿ ಅವರ ಸಂದೇಶಗಳು ತಪ್ಪುತಪ್ಪಾಗಿ ಬರತೊಡಗಿದ್ದನ್ನು ದೂರದ ಶಿಬಿರದವರು ಗಮನಿಸಿದರು. ಆಗಸ್ಟ್‌ನಲ್ಲಿ ಮೂವರು ಹೋಗಿ ಅವರನ್ನು ಉಳಿಸಿದರು.

ನಮಗೆ ಹತ್ತಿರದ ಘಟನೆ 2020ರ ಜನವರಿಯದ್ದು. ನೇಪಾಳದ ದಾಮನ್‌ಗೆ ಪ್ರವಾಸ ಹೋಗಿದ್ದ ಕೇರಳದ ಗುಂಪಿನಲ್ಲಿ ಎಂಟು ಜನ, ಮಕ್ಕಳೂ ಸೇರಿ, ಚಳಿಗೆ ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದರು. ಬಾಗಿಲು ಕಿಟಕಿ ಭದ್ರವಾಗಿದ್ದವು. ಬೆಳಿಗ್ಗೆ ಯಾರೂ ಏಳಲಿಲ್ಲ. ಹೀಟರ್‌ನಿಂದ ಉಸಿರುಗಟ್ಟಿ ಸತ್ತರೆಂದು ಅಂದಾಜಿಸಲಾಯಿತು. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟು ಮಲಗಿದವರ ಸಾವಿನ ಸುದ್ದಿ ಓದುತ್ತೇವೆ. ಬ್ರಿಟನ್ನಿನಲ್ಲಿ ಇದೇ ಸುದ್ದಿ ಬೇಸಿಗೆಯಲ್ಲಿ ಬರುತ್ತದೆ. ಆರಿದಂತೆ ಕಾಣುವ ಬಾರ್ಬೆಕ್ಯೂ ತಟ್ಟೆಯನ್ನು ಬೆಚ್ಚಗಾಗಲಿ ಎಂದು ಟೆಂಟಿಗೆ ತಂದವರದ್ದು. ಜ್ವಾಲೆ ಇಲ್ಲದ ಕೆಂಡ ಈ ಅನಿಲವನ್ನು ಇನ್ನೂ ಹೆಚ್ಚು ಉಗುಳುತ್ತದೆ.

‘ನಾಲ್ಕು ಬೆರಳು ಜಿಪ್’, ‘ನೀಲಿ ಉರಿ’: ಇವು ಸಾಲವೇ?

ಸಾಲವು. ಫಾರ್ವರ್ಡ್‌ನ ಅತ್ಯಂತ ಅಪಾಯದ ಭಾಗ ಇದು, ಏಕೆಂದರೆ ವಿಜ್ಞಾನದಂತೆ ಕೇಳಿಸುತ್ತದೆ.

ನೀಲಿ ಉರಿ ಪೂರ್ಣ ದಹನದ ಲಕ್ಷಣ ಎಂದು ಶಾಲೆಯಲ್ಲಿ ಓದಿದ್ದೇವೆ. ಅರ್ಧ ಸರಿ. ಆ ಉರಿಯ ಮೇಲೆ ತಣ್ಣೀರಿನ ಪಾತ್ರೆ ಇಟ್ಟಾಗ ಏನಾಗುತ್ತದೆ ನೋಡಿ. ಪಾತ್ರೆಯ ತಣ್ಣನೆಯ ತಳ ತಾಗಿ ಜ್ವಾಲೆಯ ತುದಿ ತಂಪಾಗುತ್ತದೆ, ದಹನ ಅರ್ಧಕ್ಕೇ ನಿಲ್ಲುತ್ತದೆ, ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಉರಿ ಆಗಲೂ ನೀಲಿಯೇ. ಟೆಂಟಿನಂಥ ಇಕ್ಕಟ್ಟಿನಲ್ಲಿ ಆಮ್ಲಜನಕ ಕಡಿಮೆಯಾದಂತೆ ಇದು ಹೆಚ್ಚುತ್ತಾ ಹೋಗುತ್ತದೆ. ಮನೆಯ ಅಡುಗೆ ಒಲೆಯಲ್ಲೂ ಸ್ವಲ್ಪ ಬರುತ್ತದೆ, ಆದರೆ ಅಡುಗೆಮನೆ ಟೆಂಟಿಗಿಂತ ಹತ್ತಾರು ಪಟ್ಟು ದೊಡ್ಡದು, ಕಿಟಕಿ ಇದೆ, ಅಲ್ಲಿ ಯಾರೂ ಮಲಗುವುದಿಲ್ಲ.

ಜಿಪ್ ತೆರೆದಿಟ್ಟರೆ ಗಾಳಿ ಬರುತ್ತದೆ ಎನ್ನುವುದು ನಂಬಿಕೆ ಮಾತ್ರ. ಗಾಳಿ ಎತ್ತ ಬೀಸುತ್ತಿದೆ, ಮೇಲಿನ ಕಿಂಡಿ ತೆರೆದಿದೆಯೋ ಇಲ್ಲವೋ, ನೆಂದ ಬಟ್ಟೆ ಅಂಟಿಕೊಂಡು ಕಿಂಡಿ ಮುಚ್ಚಿದೆಯೋ, ಯಾವುದೂ ಒಳಗೆ ಕೂತವರಿಗೆ ಕಾಣದು. ಮಳೆ ಜೋರಾದರೆ ಆ ನಾಲ್ಕು ಬೆರಳನ್ನು ಯಾರೋ ಒಬ್ಬರು ಮುಚ್ಚಿಯೇ ಮುಚ್ಚುತ್ತಾರೆ. ಕೆಲವು ಸಂದೇಶಗಳಲ್ಲಿ ‘ಈ ಅನಿಲ ಭಾರ, ಕೆಳಗೆ ಉಳಿಯುತ್ತದೆ, ಎತ್ತರದಲ್ಲಿ ಕೂತರೆ ಆಯಿತು’ ಎಂದೂ ಇರುತ್ತದೆ. ಅದೂ ತಪ್ಪು. ನೆಲದಲ್ಲಿ ಮಡುಗಟ್ಟುವುದು ಸೋರಿದ ಅಡುಗೆ ಅನಿಲ. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ಹಗುರ, ಟೆಂಟಿನ ಎಲ್ಲೆಡೆ ಬೆರೆಯುತ್ತದೆ.

ಇವಲ್ಲದೆ ಟೆಂಟಿನ ಬಟ್ಟೆಗೆ ಬೆಂಕಿ ಹಿಡಿಯುವ ಅಪಾಯ ಇದ್ದೇ ಇದೆ.

ಆಕ್ಸಿಮೀಟರ್ 98 ತೋರಿಸಿದರೆ?

ಕೋವಿಡ್ ಸಮಯದಲ್ಲಿ ನಮ್ಮಲ್ಲಿ ಬಹಳ ಮನೆಗಳಿಗೆ ಈ ಪುಟ್ಟ ಉಪಕರಣ ಬಂತು. ಅದು ಆಗ ಉಪಯೋಗಕ್ಕೂ ಬಂತು. ಹಾಗಾಗಿ ಅದರ ಮೇಲೆ ನಂಬಿಕೆ. ಆದರೆ ಈ ಒಂದು ವಿಷಯದಲ್ಲಿ ಅದು ಮೋಸ ಮಾಡುತ್ತದೆ. ಸಾಮಾನ್ಯ ಆಕ್ಸಿಮೀಟರ್ ಬೆರಳಿನ ಮೂಲಕ ಎರಡು ಬಗೆಯ ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಕೂಡ ಕೆಂಪಗೇ ಇರುತ್ತದೆ. ಉಪಕರಣ ಅದನ್ನೂ ಆಮ್ಲಜನಕ ಎಂದೇ ಎಣಿಸುತ್ತದೆ. ಸಾಯುತ್ತಿರುವ ಮನುಷ್ಯನ ಬೆರಳಲ್ಲೂ ಅದು 98 ತೋರಿಸಬಹುದು. ನಿಜ ತಿಳಿಯಲು ಆಸ್ಪತ್ರೆಯಲ್ಲಿ ಬೇರೆಯೇ ರಕ್ತ ಪರೀಕ್ಷೆ ಬೇಕು. ‘95ಕ್ಕಿಂತ ಮೇಲಿದ್ದರೆ ಮಲಗಿಸಿ’ ಎಂಬ ಸಾಲು ಆ ಸಂದೇಶದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಕಡಲ ಕಾಯಿಲೆಯೋ, ವಿಷವೋ ತಿಳಿಯುವುದು ಹೇಗೆ?

ಎರಡು ಪ್ರಶ್ನೆ ಕೇಳಿ. ಒಂದೇ ಟೆಂಟಿನಲ್ಲಿದ್ದ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಶುರುವಾಯಿತೇ? ಹೊರಗಿನ ಗಾಳಿಗೆ ಬಂದರೆ ಹಗುರ ಅನ್ನಿಸುತ್ತದೆಯೇ? ಹೌದಾದರೆ ವಿಷ ಎಂದೇ ತಿಳಿಯಬೇಕು. ಇಲ್ಲ ಎಂಬ ಉತ್ತರ ಬಂದರೂ, ಸ್ಟವ್ ಒಳಗೆ ಉರಿದಿದ್ದರೆ ಮೊದಲು ಎಲ್ಲರನ್ನೂ ಹೊರಗೆ ಕರೆತರಬೇಕು. ಮಳೆ ಇದ್ದರೂ ಸರಿ. ನಿಲ್ಲಲಾಗದವರನ್ನು ಎಳೆದಾದರೂ ತರಬೇಕು. ಈ ವಿಷದಲ್ಲಿ ಏಳಬೇಕು ಅನ್ನಿಸಿದಾಗ ಕಾಲು ಮಾತು ಕೇಳದೇ ಹೋಗುವುದುಂಟು. ಉರಿ ಆರಿಸಿ, ತುರ್ತು ಕರೆ ಮಾಡಿ. ಬ್ರಿಟನ್ನಿನಲ್ಲಿ 999 ಅಥವಾ 112, ಭಾರತದಲ್ಲಿ 112. ‘ಕಾರ್ಬನ್ ಮಾನಾಕ್ಸೈಡ್ ಇರಬಹುದು’ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಬಂದವರೂ ಸುಸ್ತು ಎಂದುಕೊಳ್ಳಬಹುದು.

ಹೊರಗೆ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಸಾಮಾನ್ಯ ಗಾಳಿಯಲ್ಲಿ, ರಕ್ತದಲ್ಲಿ ಸೇರಿದ ವಿಷದ ಅರ್ಧ ಹೊರಹೋಗಲು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಅದು ಒಂದು ಒಂದೂವರೆ ಗಂಟೆಗೆ ಇಳಿಯುತ್ತದೆ. ಹಾಲು, ನಿಂಬೆರಸ, ಈರುಳ್ಳಿ ಮೂಸುವುದು, ಯಾವುದರಿಂದಲೂ ಇದು ಬೇಗ ಆಗುವುದಿಲ್ಲ.

ಬ್ಯಾಟರಿಯಿಂದ ನಡೆಯುವ ಪುಟ್ಟ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ಒಯ್ಯುವುದು ಒಳ್ಳೆಯದೇ, ಪಕ್ಕದ ಟೆಂಟಿನವರ ಬಾರ್ಬೆಕ್ಯೂ ಹೊಗೆಗೂ ಅದು ಎಚ್ಚರಿಸಬಹುದು. ಅಲಾರಂ ಇದೆ ಎಂದು ಸ್ಟವ್ ಒಳಗೆ ತರುವುದು ಮಾತ್ರ ಹೆಲ್ಮೆಟ್ ಇದೆ ಎಂದು ಗೋಡೆಗೆ ಗುದ್ದಿದಂತೆ.

ಮಳೆಯಲ್ಲಿ ಊಟಕ್ಕೆ ಏನು ಮಾಡುವುದು?

ಚಿಕ್ಕಪ್ಪನ ನಿಜವಾದ ಪ್ರಶ್ನೆ ಇದೇ ಆಗಿತ್ತು. “ಅಲ್ಲಮ್ಮ, ಹುಡುಗರು ಉಪವಾಸ ಮಲಗಬೇಕಾ?” ನ್ಯಾಯವಾದ ಪ್ರಶ್ನೆ. ಸ್ಟವ್ ಒಳಗೆ ಬರುವುದು ದಡ್ಡತನದಿಂದಲ್ಲ, ಹಸಿವು ಮತ್ತು ಚಳಿಯಿಂದ. ಆ ಎರಡಕ್ಕೂ ಬೇರೆ ದಾರಿ ಇಟ್ಟುಕೊಳ್ಳದಿದ್ದರೆ ಎಷ್ಟು ಉಪದೇಶ ಮಾಡಿದರೂ ಮಳೆಯ ರಾತ್ರಿ ಅದು ಒಳಗೆ ಬರುತ್ತದೆ.

ಆದ್ದರಿಂದ ಬೆಂಕಿಯೇ ಬೇಡದ ಒಂದು ರಾತ್ರಿಯ ಊಟ ಸದಾ ಚೀಲದಲ್ಲಿರಲಿ. ಈ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದ ಅವಲಕ್ಕಿ, ಬೆಲ್ಲದ ಉಂಡೆ. ವಾರಗಟ್ಟಲೆ ಕೆಡುವುದಿಲ್ಲ, ಭಾರವಿಲ್ಲ. ದಾರಿಯಲ್ಲಿ ಅಂಗಡಿ ಸಿಗುತ್ತದೆ ಎಂದು ನಂಬಿಕೊಂಡರೂ, ಲೂಯಿಸ್ ಮತ್ತು ಹ್ಯಾರಿಸ್‌ನಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿನ ಕ್ರೈಸ್ತ ಸಂಪ್ರದಾಯದಲ್ಲಿ ಅದು ವಿಶ್ರಾಂತಿಯ ದಿನ. ಸ್ಟಾರ್ನೊವೇಯಿಂದ ಅಲ್ಲಾಪೂಲ್‌ಗೆ ಭಾನುವಾರದ ಹಡಗು ಶುರುವಾದದ್ದೇ 2009ರಲ್ಲಿ. ಶನಿವಾರವೇ ಚೀಲ ತುಂಬಿಸಿಕೊಳ್ಳಬೇಕು.

ಬಿಸಿ ಬೇಕೇ ಬೇಕು ಅಂದರೆ, ದೊಡ್ಡ ಹಡಗುಗಳ ಕ್ಯಾಂಟೀನಿನಲ್ಲಿ ಇಳಿಯುವ ಮೊದಲು ಥರ್ಮಾಸ್‌ಗೆ ಬಿಸಿನೀರು ತುಂಬಿಸಿಕೊಡಲು ಕೇಳಿ ನೋಡಬಹುದು. ಕ್ಯಾಂಪಿಂಗ್ ಸೈಟಿನ ಅಡುಗೆ ಮಾಡಿನ ಕೆಳಗೆ, ಅಥವಾ ಗೋಡೆಯ ಮರೆಯಲ್ಲಿ ಹೊರಗೇ ನಿಂತು, ಮಳೆಕೋಟು ಹಾಕಿಕೊಂಡು ಒಬ್ಬೊಬ್ಬರೇ ಸರದಿಯಲ್ಲಿ ನೀರು ಕಾಯಿಸಬಹುದು. ಟೆಂಟ್ ಬಾಗಿಲ ಮುಂದಿನ ಬಟ್ಟೆಯ ಚಾಚಿನ ಕೆಳಗೆ ಮಾಡುವವರೂ ಇದ್ದಾರೆ. ಅಲ್ಲಿಂದ ಹೊಗೆ ಒಳಗೇ ಬರುವುದರಿಂದ ಅದೂ ಬೇಡ. ಗಾಳಿ ನಿಂತ ಸಂಜೆ ಹೊರಗೆ ನಿಂತರೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಮುತ್ತುತ್ತವೆ, ಅದಕ್ಕೆ ತಲೆಗೆ ಹಾಕುವ ಬಲೆ ಸಿಗುತ್ತದೆ. ಗಾಳಿ ಗಂಟೆಗೆ 11 ಕಿಲೋಮೀಟರ್ ದಾಟಿದರೆ ಅವು ಹಾರಲಾರವು.

ಚಳಿಗೆ: ಟೆಂಟ್ ಹಾಕಿದ ತಕ್ಷಣ ಒದ್ದೆ ಬಟ್ಟೆ ಪೂರ್ತಿ ತೆಗೆದು, ಚೀಲದಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಒಂದು ಜೊತೆ ಒಣ ಉಣ್ಣೆ ಬಟ್ಟೆ ಹಾಕಿಕೊಳ್ಳಬೇಕು. ಆ ಜೊತೆಯನ್ನು ಹಗಲು ಯಾವ ಕಾರಣಕ್ಕೂ ಮುಟ್ಟಬಾರದು. ಮೈಯಡಿ ದಪ್ಪ ಹಾಸು ಇರಲಿ, ನೆಲ ಗಾಳಿಗಿಂತ ಹೆಚ್ಚು ಶಾಖ ಹೀರುತ್ತದೆ. ಇಷ್ಟಿದ್ದರೆ ಸ್ಟವ್‌ನ ಶಾಖದ ಆಸೆ ಬರುವುದಿಲ್ಲ. ಇನ್ನೊಂದು, ಭಾರತದಿಂದ ವಿಮಾನದಲ್ಲಿ ಹೋಗುವವರು ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ದೊಡ್ಡ ಲಗೇಜಿನಲ್ಲೂ ಇಲ್ಲ. ಅಲ್ಲಿಯೇ ಕೊಳ್ಳಬೇಕು.

ಅಣ್ಣ ಮತ್ತು ಅವನ ಗೆಳೆಯರು ಮೇ ಕೊನೆಯ ವಾರ ಹೊರಟರು. ಬರ್ನರೇಯಲ್ಲಿ ಗಾಳಿಗೆ ಹಡಗು ರದ್ದಾಗಿ ಒಂದು ದಿನ ಸಿಕ್ಕಿಹಾಕಿಕೊಂಡರಂತೆ. ಆ ರಾತ್ರಿ ಊಟ ಅವಲಕ್ಕಿ. ಸ್ಟವ್ ಸೈಕಲ್ ಚೀಲದಲ್ಲೇ ಇತ್ತು ಎಂದು ಫೋಟೊ ಸಮೇತ ಗ್ರೂಪಿಗೆ ಹಾಕಿದ.

ಚಿಕ್ಕಪ್ಪನ ಸಮಸ್ಯೆ ಬೇರೆ. ಅವರು ಆ ಸಂದೇಶವನ್ನು ಅಷ್ಟರಲ್ಲಿ ವಾಕಿಂಗ್ ಗ್ರೂಪ್, ಬ್ಯಾಂಕ್ ನಿವೃತ್ತರ ಗ್ರೂಪ್, ಸಂಬಂಧಿಕರ ಇನ್ನೆರಡು ಗ್ರೂಪಿಗೆ ಕಳಿಸಿಯಾಗಿತ್ತು. ಅಳಿಸುವ ಅವಧಿ ಮೀರಿತ್ತು. “ಅಲ್ಲಿಗೆ ಹಾಕೋಕೆ ಚಿಕ್ಕದಾಗಿ ಬರೆದು ಕೊಡು” ಅಂದರು. ನಾನು ಬರೆದುಕೊಟ್ಟದ್ದು ಇಷ್ಟು. ನೀವೂ ಆ ಫಾರ್ವರ್ಡ್ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನು ಹಾಕಬಹುದು.

“ನಾನು ಹಿಂದೆ ಕಳಿಸಿದ ಕ್ಯಾಂಪಿಂಗ್ ಸಂದೇಶದಲ್ಲಿ ತಪ್ಪಿದೆ. ಟೆಂಟ್, ಕಾರು, ಮುಚ್ಚಿದ ಕೋಣೆಯೊಳಗೆ ಗ್ಯಾಸ್ ಸ್ಟವ್, ಕೆಂಡ, ಬಾರ್ಬೆಕ್ಯೂ ಇಡಬೇಡಿ. ಜಿಪ್ ಅಥವಾ ಕಿಟಕಿ ಸ್ವಲ್ಪ ತೆರೆದರೂ ಬೇಡ. ಒಳಗಿದ್ದವರಿಗೆ ತಲೆನೋವು, ವಾಂತಿ ಬಂದರೆ ಮಲಗಿಸಬೇಡಿ, ಕೂಡಲೇ ಹೊರಗೆ ಕರೆತಂದು 112ಕ್ಕೆ ಕರೆ ಮಾಡಿ. ಆಕ್ಸಿಮೀಟರ್ ನಂಬಬೇಡಿ.”

ಅವರು ನಾಲ್ಕೂ ಗ್ರೂಪಿಗೆ ಕಳಿಸಿದರು. ಆಮೇಲೆ ನನಗೆ ಮಾತ್ರ ಒಂದು ಮೆಸೇಜ್ ಬಂತು: “ಬ್ರಾಂಡಿ ವಿಷಯ ನೀನು ಇದರಲ್ಲಿ ಹಾಕಿಲ್ಲ. ಹಾಗಾದರೆ ಅದು ಸರಿ ತಾನೆ?”